ಅರ್ಧ ಪಾಲು ಕೊಡಲಾರೆ ಎಂದ ಹಾಡುಗಾರ್ತಿ

ಒಂದು ಕ್ಷಣ ಊಹಿಸಿಕೊಳ್ಳಿ. ನಿಮಗೆ 28ರ ಆಸುಪಾಸು. ನೀವೇ ಬರೆದು ಹಾಡಿದ ಹಾಡೊಂದು ಹಿಟ್ ಆಗಿದೆ. ಅದೇ ಹಾಡನ್ನು ದೇಶದ ಅತಿ ದೊಡ್ಡ ಗಾಯಕ ಹಾಡಬೇಕೆಂದಿದ್ದಾನೆ. ನೀವು ಖುಷಿಯಲ್ಲಿ ಮನೆಯವರಿಗೆ, ಸ್ನೇಹಿತರಿಗೆ ಎಲ್ಲರಿಗೂ ಹೇಳಿಬಿಟ್ಟಿದ್ದೀರಿ. ರೆಕಾರ್ಡಿಂಗಿಗೆ ಇನ್ನೇನು ಹೊತ್ತು ಬಂತು ಎನ್ನುವಾಗ ಆತನ ಮ್ಯಾನೇಜರ್ ಕಡೆಯಿಂದ ಒಂದು ಷರತ್ತು ಬರುತ್ತದೆ. ನಮ್ಮವರು ಹಾಡಬೇಕಾದರೆ ಆ ಹಾಡಿನ ಪಬ್ಲಿಷಿಂಗ್ ಹಕ್ಕಿನಲ್ಲಿ ಅರ್ಧ ನಮ್ಮದಾಗಬೇಕು.

ಏನು ಮಾಡುತ್ತೀರಿ? ನಮ್ಮಲ್ಲಿ ಬಹಳ ಮಂದಿ ಸಹಿ ಹಾಕಲು ಪೆನ್ನು ಹುಡುಕುತ್ತೇವೆ. ಇಂಥ ಅವಕಾಶ ಮತ್ತೆ ಬಂದೀತೇ ಎಂಬ ಭಯವೇ ಅರ್ಧ ನಿರ್ಧಾರ ಮಾಡಿಬಿಡುತ್ತದೆ.

1970ರ ದಶಕದಲ್ಲಿ ಇಂಥದ್ದೇ ಷರತ್ತು ಎದುರಾದಾಗ ಡಾಲಿ ಪಾರ್ಟನ್ ಎಂಬ ಅಮೆರಿಕದ ಗಾಯಕಿ ಆಗುವುದಿಲ್ಲ ಎಂದರು. ಹಾಡಲು ಹೊರಟಿದ್ದ ಗಾಯಕ ಎಲ್ವಿಸ್ ಪ್ರೀಸ್ಲಿ. ಷರತ್ತು ಹಾಕಿದ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್. ಎಲ್ವಿಸ್ ಆ ಹಾಡನ್ನು ರೆಕಾರ್ಡ್ ಮಾಡಲೇ ಇಲ್ಲ. ಆ ರಾತ್ರಿಯಿಡೀ ಅತ್ತೆ ಎಂದು ಡಾಲಿ ಆಮೇಲೆ ಅನೇಕ ಸಲ ಹೇಳಿಕೊಂಡಿದ್ದಾರೆ.

ಆ ಹಾಡು ‘ಐ ವಿಲ್ ಆಲ್ವೇಸ್ ಲವ್ ಯು’. ಹೆಸರು ಕೇಳಿದ ಕೂಡಲೇ ನಿಮ್ಮ ಕಿವಿಯಲ್ಲಿ ವಿಟ್ನಿ ಹ್ಯೂಸ್ಟನ್ ದನಿ ಮೊಳಗಿದರೆ ಆಶ್ಚರ್ಯವಿಲ್ಲ. ಕಾಲೇಜು ಫೆಸ್ಟ್‌ಗಳಲ್ಲಿ, ರಿಯಾಲಿಟಿ ಶೋಗಳಲ್ಲಿ ನಾವೆಲ್ಲ ಕೇಳುವುದು ಅದನ್ನೇ. ಆದರೆ ಅದನ್ನು ಬರೆದವರು ಟೆನೆಸಿ ರಾಜ್ಯದ ಬೆಟ್ಟದ ಊರೊಂದರ ಬಡ ರೈತನ ಮಗಳು. ಆಕೆ ‘ಆಗುವುದಿಲ್ಲ’ ಎನ್ನುವಷ್ಟು ಗಟ್ಟಿಯಾದದ್ದು ಹೇಗೆ ಎಂದು ತಿಳಿಯಲು ಆ ಊರಿನಿಂದಲೇ ಶುರು ಮಾಡಬೇಕು.

ಒಂದು ಚೀಲ ಹಿಟ್ಟಿನ ಹೆರಿಗೆ

1946ರ ಜನವರಿ 19. ಟೆನೆಸಿಯ ಪೂರ್ವ ಭಾಗದಲ್ಲಿ, ಗ್ರೇಟ್ ಸ್ಮೋಕಿ ಬೆಟ್ಟಸಾಲಿನ ಸೆವಿಯರ್ ಕೌಂಟಿಯಲ್ಲಿ, ಲಿಟಲ್ ಪಿಜನ್ ಎಂಬ ಹೊಳೆಯ ದಂಡೆಯ ಒಂದೇ ಕೋಣೆಯ ಮರದ ಮನೆಯಲ್ಲಿ ಡಾಲಿ ಹುಟ್ಟಿದಳು. ಹೆರಿಗೆ ಮಾಡಿಸಲು ಬಂದ ಡಾಕ್ಟರ್ ರಾಬರ್ಟ್ ಥಾಮಸ್ ಅವರಿಗೆ ಕೊಡಲು ಮನೆಯಲ್ಲಿ ಕಾಸಿರಲಿಲ್ಲ. ಅಪ್ಪ ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟು ಕಳಿಸಿದರು. ಆ ಡಾಕ್ಟರ ಹೆಸರಿನಲ್ಲೇ ಡಾಲಿ ಮುಂದೆ ಒಂದು ಹಾಡು ಬರೆದರು.

ಮನೆಯಲ್ಲಿ ಒಟ್ಟು 12 ಮಕ್ಕಳು, ಡಾಲಿ ನಾಲ್ಕನೆಯವಳು. ಅಪ್ಪ ರಾಬರ್ಟ್ ಲೀ ಪಾರ್ಟನ್ ಮೊದಲಿಗೆ ಬೇರೆಯವರ ಜಮೀನನ್ನು ಪಾಲಿಗೆ ಮಾಡುತ್ತಿದ್ದರು. ನಮ್ಮ ಕಡೆ ಕೋರಿಗೆ ಮಾಡುವುದು, ವಾರಕ್ಕೆ ಮಾಡುವುದು ಎನ್ನುತ್ತೇವಲ್ಲ, ಹಾಗೆ. ಉತ್ತು ಬಿತ್ತಿ ಬೆಳೆಯುವುದು ಒಬ್ಬರು, ಬೆಳೆದದ್ದರಲ್ಲಿ ಪಾಲು ಎತ್ತಿಕೊಂಡು ಹೋಗುವುದು ಜಮೀನಿನ ಒಡೆಯ. ಆಮೇಲೆ ಸ್ವಂತಕ್ಕೆ ಒಂದಿಷ್ಟು ಜಾಗ ಮಾಡಿಕೊಂಡು ಹೊಗೆಸೊಪ್ಪು ಬೆಳೆದರು, ಬೇಸಾಯದ ಜೊತೆಗೆ ಕಟ್ಟಡದ ಕೂಲಿಗೂ ಹೋದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ತಾನು ಕಂಡ ಅತ್ಯಂತ ಬುದ್ಧಿವಂತರಲ್ಲಿ ಅಪ್ಪನೂ ಒಬ್ಬರು ಎಂದು ಡಾಲಿ ಹೋದಲ್ಲೆಲ್ಲ ಹೇಳುತ್ತಾರೆ. ಅಕ್ಷರ ಬಾರದ ಆ ಮನುಷ್ಯನಿಗೆ ವ್ಯವಹಾರ ಚೆನ್ನಾಗಿ ಬರುತ್ತಿತ್ತಂತೆ.

ಅಮ್ಮ ಏವಿ ಲೀ ಹಾಡುವವರು. ಶತಮಾನಗಳ ಹಿಂದೆ ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡುಗಳಿಂದ ವಲಸೆ ಬಂದವರು ಹೊತ್ತು ತಂದ ಕಥನಗೀತೆಗಳು ಆ ಬೆಟ್ಟದ ಹೆಂಗಸರ ಬಾಯಲ್ಲಿ ಉಳಿದಿದ್ದವು. ನಾವು ಕಂಟ್ರಿ ಸಂಗೀತ ಎಂದು ಕರೆಯುವುದರ ಒಂದು ಬೇರು ಅದು. ಇನ್ನೊಂದು ಬೇರು ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂಗೀತ. ಕಂಟ್ರಿಯ ಗುರುತೇ ಆಗಿರುವ ಬ್ಯಾಂಜೊ ವಾದ್ಯದ ಮೂಲ ಇರುವುದು ಅಲ್ಲಿ. 1920ರ ದಶಕದಲ್ಲಿ ರೇಡಿಯೊ ಮತ್ತು ಗ್ರಾಮಫೋನ್ ಬಂದ ಮೇಲೆ ಈ ಹಳ್ಳಿಗಾಡಿನ ಹಾಡು ಮಾರುಕಟ್ಟೆಗೆ ಬಂತು. ನ್ಯಾಶ್‌ವಿಲ್ ನಗರದ ವಿಮಾ ಕಂಪನಿಯೊಂದರ ರೇಡಿಯೊದಲ್ಲಿ 1925ರಲ್ಲಿ ಶುರುವಾದ ಶನಿವಾರದ ಹಾಡಿನ ಕಾರ್ಯಕ್ರಮವೇ ಮುಂದೆ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದು ಹೆಸರಾಯಿತು. ಕಂಟ್ರಿ ಗಾಯಕರಿಗೆ ಆ ವೇದಿಕೆ ಹತ್ತುವುದೇ ಜನ್ಮದ ಕನಸು.

ಜಗಲಿಯೇ ವೇದಿಕೆ

ಡಾಲಿ ಅಕ್ಷರ ಕಲಿಯುವ ಮೊದಲೇ ಹಾಡು ಕಟ್ಟಿದಳು. ಕಾಳು ಬಿಡಿಸಿದ ಜೋಳದ ತೆನೆಯಲ್ಲಿ ಮಾಡಿಕೊಟ್ಟ ಗೊಂಬೆಯ ಮೇಲೆ ಹುಟ್ಟಿದ ಹಾಡದು. ಮಗು ಹೇಳಿದ್ದನ್ನು ಅಮ್ಮ ಬರೆದಿಟ್ಟುಕೊಂಡರು. ಮನೆಯ ಜಗಲಿಯ ಹಲಗೆಯ ಸಂದಿಯಲ್ಲಿ ಹೊಗೆಸೊಪ್ಪಿನ ಕಡ್ಡಿಯೊಂದನ್ನು ಸಿಕ್ಕಿಸಿ, ಅದರ ತುದಿಗೆ ತಗಡಿನ ಡಬ್ಬಿ ಮಗುಚಿದರೆ ಮೈಕ್ ತಯಾರು. ಕೇಳುವವರು ಯಾರು? ತಮ್ಮ ತಂಗಿಯರು, ಕೋಳಿಗಳು. ಎಂಟರ ವಯಸ್ಸಿನಲ್ಲಿ ಸೋದರಮಾವನ ಕಡೆಯಿಂದ ನಿಜವಾದ ಗಿಟಾರ್ ಸಿಕ್ಕಿತು.

ಅದೇ ದಿನಗಳ ಇನ್ನೊಂದು ಪ್ರಸಂಗ ಆಕೆಯ ಜೀವನದ ದೊಡ್ಡ ಹಾಡಾಯಿತು. ಚಳಿಗೆ ಹಾಕಿಕೊಳ್ಳಲು ಕೋಟು ಇರಲಿಲ್ಲ. ಅಮ್ಮ ಯಾರೋ ಕೊಟ್ಟ ಬಣ್ಣಬಣ್ಣದ ಚಿಂದಿಗಳನ್ನು ನಮ್ಮ ಕಡೆ ಕೌದಿ ಹೊಲಿಯುವಂತೆ ಜೋಡಿಸಿ ಒಂದು ಕೋಟು ಹೊಲಿದರು. ಹೊಲಿಯುತ್ತಾ ಬೈಬಲ್ಲಿನ ಜೋಸೆಫನ ಬಣ್ಣದ ಅಂಗಿಯ ಕಥೆ ಹೇಳಿದರು. ಮಗಳು ರಾಜಕುಮಾರಿಯಂತೆ ಅದನ್ನು ತೊಟ್ಟು ಶಾಲೆಗೆ ಹೋದಳು. ಮಕ್ಕಳು ನಕ್ಕರು. ಆ ನಗೆಯನ್ನು ಆಕೆ ಎಷ್ಟೋ ವರ್ಷ ಒಳಗೇ ಇಟ್ಟುಕೊಂಡಳು. 1969ರಲ್ಲಿ ಟೂರ್ ಬಸ್ಸಿನಲ್ಲಿ ಹೋಗುವಾಗ ಅದರ ಮೇಲೆ ಹಾಡು ಹೊಳೆಯಿತು. ಕೈಯಲ್ಲಿ ಕಾಗದ ಇರಲಿಲ್ಲ. ತಂಡದ ಯಜಮಾನನ ಸೂಟಿನ ಡ್ರೈಕ್ಲೀನಿಂಗ್ ರಸೀದಿಯ ಹಿಂದೆಯೇ ಬರೆದರು. ‘ಕೋಟ್ ಆಫ್ ಮೆನಿ ಕಲರ್ಸ್’ ಎಂಬ ಆ ಹಾಡು 1971ರಲ್ಲಿ ಬಂತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ದೇಶ ಕಾಪಾಡಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಅದನ್ನು ಸೇರಿಸಿದೆ.

ಅವಮಾನವನ್ನು ನಾವೂ ಇಟ್ಟುಕೊಳ್ಳುತ್ತೇವೆ. ಹೆಚ್ಚಾಗಿ ಕೋಪವಾಗಿ, ಇಲ್ಲವೇ ಸ್ಟೇಟಸ್ ಆಗಿ. ಈ ಹುಡುಗಿ ಅದನ್ನು ಕಚ್ಚಾವಸ್ತುವಾಗಿ ಇಟ್ಟುಕೊಂಡಳು.

ನಗುವವರ ನಡುವೆ

ಹತ್ತು ವರ್ಷಕ್ಕೆ ನಾಕ್ಸ್‌ವಿಲ್ ನಗರದಲ್ಲಿ ಕೆಲಸ ಸಿಕ್ಕಿತು. ಕ್ಯಾಸ್ ವಾಕರ್ ಎಂಬ ದಿನಸಿ ಅಂಗಡಿಗಳ ಮಾಲೀಕ ತನ್ನ ಅಂಗಡಿಗಳ ಪ್ರಚಾರಕ್ಕೆ ರೇಡಿಯೊ, ಟಿವಿ ಕಾರ್ಯಕ್ರಮ ನಡೆಸುತ್ತಿದ್ದ. ಡಾಲಿ ಅದರಲ್ಲಿ ಹಾಡಿದಳು. ಆಗ ಆಕೆಯ ಸ್ವಂತ ಮನೆಯಲ್ಲಿ ಟಿವಿ ಇರಲಿಲ್ಲ.

ಆಮೇಲೆ ಅಜ್ಜಿಯ ಜೊತೆ ಬಸ್ಸು ಹತ್ತಿ ದೂರದ ಲೂಸಿಯಾನಾ ರಾಜ್ಯಕ್ಕೆ ಹೋಗಿ, ಗೋಲ್ಡ್‌ಬ್ಯಾಂಡ್ ಎಂಬ ಸಣ್ಣ ಕಂಪನಿಗೆ ‘ಪಪ್ಪಿ ಲವ್’ ಎಂಬ ಹಾಡು ರೆಕಾರ್ಡ್ ಮಾಡಿಬಂದಳು. 1959ರಲ್ಲಿ ಅದು ಹೊರಬಂತು. ಓಡಲಿಲ್ಲ. ಅದೇ ವರ್ಷ, 13ರ ವಯಸ್ಸಿನಲ್ಲಿ, ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆ ಹತ್ತಿದಳು. ಆ ರಾತ್ರಿ ಆಕೆಗೆ ಸಮಯ ಗೊತ್ತಾಗಿರಲಿಲ್ಲ. ಜಿಮ್ಮಿ ನ್ಯೂಮನ್ ಎಂಬ ಗಾಯಕ ತನ್ನ ಸರದಿಯನ್ನೇ ಬಿಟ್ಟುಕೊಟ್ಟರು. ಸಭಿಕರಿಗೆ ಪರಿಚಯಿಸಿದವರು ಜಾನಿ ಕ್ಯಾಶ್.

ಸಿನಿಮಾ ಆಗಿದ್ದರೆ ಮುಂದಿನ ದೃಶ್ಯದಲ್ಲಿ ಆಕೆ ಸ್ಟಾರ್. ಹಾಗಾಗಲಿಲ್ಲ. ಬೆಟ್ಟಕ್ಕೆ ಮರಳಿ ಬಂದು ಶಾಲೆ ಮುಗಿಸಿದಳು. ಮನೆಯಲ್ಲಿ ಹೈಸ್ಕೂಲ್ ಮುಗಿಸಿದ ಮೊದಲಿಗಳು ಅವಳೇ. 1964ರಲ್ಲಿ ಪದವಿ ಸಮಾರಂಭದಲ್ಲಿ ಒಬ್ಬೊಬ್ಬರನ್ನೇ ಮುಂದೇನು ಮಾಡುತ್ತೀರಿ ಎಂದು ಕೇಳಿದರು. ನ್ಯಾಶ್‌ವಿಲ್‌ಗೆ ಹೋಗಿ ಸ್ಟಾರ್ ಆಗುತ್ತೇನೆ ಎಂದಳು ಡಾಲಿ. ಇಡೀ ಸಭೆ ನಕ್ಕಿತಂತೆ. ಮರುದಿನ ಬೆಳಿಗ್ಗೆ ಆಕೆ ನ್ಯಾಶ್‌ವಿಲ್ ಬಸ್ಸಿನಲ್ಲಿದ್ದಳು. ಪೆಟ್ಟಿಗೆಯಲ್ಲಿ ಇದ್ದದ್ದು ಬರೆದ ಹಾಡುಗಳು ಮತ್ತು ಒಗೆಯದ ಬಟ್ಟೆಗಳು.

ಒಗೆಯದ ಬಟ್ಟೆಯೂ ಕೆಲಸಕ್ಕೆ ಬಂತು. ನ್ಯಾಶ್‌ವಿಲ್‌ನ ಮೊದಲ ದಿನವೇ ‘ವಿಶಿ ವಾಶಿ’ ಎಂಬ ಲಾಂಡ್ರಿಯ ಮುಂದೆ ಕಾರ್ಲ್ ಡೀನ್ ಎಂಬ ಯುವಕನ ಪರಿಚಯವಾಯಿತು. ಎರಡು ವರ್ಷದ ನಂತರ ಇಬ್ಬರೂ ಮದುವೆಯಾದರು. ರಸ್ತೆಗೆ ಡಾಂಬರು ಹಾಕುವ ವ್ಯವಹಾರ ಮಾಡಿಕೊಂಡಿದ್ದ ಆತ ಹೆಂಡತಿಯ ಪ್ರಸಿದ್ಧಿಯ ಬೆಳಕಿಗೆ ಬರಲೇ ಇಲ್ಲ. 2025ರ ಮಾರ್ಚ್‌ನಲ್ಲಿ ಅವರು ತೀರಿಕೊಳ್ಳುವವರೆಗೂ ಆ ದಾಂಪತ್ಯ ಉಳಿಯಿತು.

ಬೇರೆಯವರ ಜಾಗದಲ್ಲಿ ನಿಂತು

ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿ ಕೂತವರಿಗೆ ನ್ಯಾಶ್‌ವಿಲ್‌ನ ಆ ದಿನಗಳು ಚೆನ್ನಾಗಿ ಅರ್ಥವಾಗುತ್ತವೆ. ಮೊದಲಿಗೆ ಸೋದರಮಾವ ಬಿಲ್ ಓವೆನ್ಸ್ ಮನೆಯಲ್ಲಿದ್ದು ಅವರ ಮಗುವನ್ನು ನೋಡಿಕೊಂಡಳು. ಫ್ರಿಜ್ಜಿನಲ್ಲಿ ಸಾಸಿನ ಬಾಟಲಿ ಬಿಟ್ಟರೆ ತಿನ್ನಲು ಏನೂ ಇಲ್ಲದ ದಿನಗಳನ್ನು ಕಂಡಳು.

1965ರಲ್ಲಿ ಮಾನ್ಯುಮೆಂಟ್ ಎಂಬ ರೆಕಾರ್ಡ್ ಕಂಪನಿ ಒಪ್ಪಂದ ಮಾಡಿಕೊಂಡಿತು. ಆದರೆ ಕಂಪನಿಯವರಿಗೆ ಆಕೆಯ ಎಳೆ ದನಿಯಲ್ಲಿ ಕಂಟ್ರಿ ಹಾಡು ನಡೆಯುತ್ತದೆ ಎಂಬ ನಂಬಿಕೆ ಇರಲಿಲ್ಲ. ಪಾಪ್ ಹಾಡು ಎಂದರು. ಹಾಡಿದಳು. ಓಡಲಿಲ್ಲ. ಇತ್ತ ಮಾವನ ಜೊತೆ ಸೇರಿ ಬರೆದ ಹಾಡೊಂದನ್ನು 1966ರಲ್ಲಿ ಬಿಲ್ ಫಿಲಿಪ್ಸ್ ಎಂಬ ಗಾಯಕ ಹಾಡಿದ. ಹಿಂದೆ ಕೋರಸ್ ದನಿ ಕೊಟ್ಟಿದ್ದು ಡಾಲಿ, ತಟ್ಟೆಯ ಮೇಲೆ ಹೆಸರಿರಲಿಲ್ಲ. ಹಾಡು ಕಂಟ್ರಿ ಪಟ್ಟಿಯ ಮೊದಲ ಹತ್ತರೊಳಗೆ ಬಂತು. ಹಿಂದೆ ಹಾಡುತ್ತಿರುವ ಆ ಹುಡುಗಿ ಯಾರು ಎಂದು ಕೇಳುಗರು ಕೇಳತೊಡಗಿದ ಮೇಲೆ ಕಂಪನಿಗೆ ಬುದ್ಧಿ ಬಂತು. ಮರುವರ್ಷ ಡಾಲಿಯ ಕಂಟ್ರಿ ಹಾಡು ‘ಡಂಬ್ ಬ್ಲಾಂಡ್’ ಪಟ್ಟಿ ಹತ್ತಿತು. ಚಿನ್ನದ ಬಣ್ಣದ ಕೂದಲಿನ ಹುಡುಗಿಯರಿಗೆ ತಲೆಯಿಲ್ಲ ಎಂದುಕೊಳ್ಳುವವರಿಗೆ ತಿರುಗೇಟು ಕೊಡುವ ಹಾಡು ಅದು.

ಆಕೆಯ ಆ ವೇಷಕ್ಕೂ ಒಂದು ಕಥೆ ಇದೆ. ಎತ್ತರದ ವಿಗ್, ಢಾಳಾದ ಬಣ್ಣ, ಉದ್ದ ಉಗುರು, ಮಿಂಚುವ ಬಟ್ಟೆ. ಊರಿನಲ್ಲಿ ಜನ ಕೀಳಾಗಿ ಮಾತಾಡಿಕೊಳ್ಳುತ್ತಿದ್ದ ಹೆಂಗಸೊಬ್ಬಳು ಬಾಲಕಿ ಡಾಲಿಯ ಕಣ್ಣಿಗೆ ಪ್ರಪಂಚದಲ್ಲೇ ಚೆಂದ ಕಂಡಿದ್ದಳಂತೆ. ಕಸ ಕಣೇ ಅವಳು ಎಂದು ಹಿರಿಯರು ಹೇಳಿದರೆ, ದೊಡ್ಡವಳಾದ ಮೇಲೆ ನಾನೂ ಕಸವೇ ಆಗುತ್ತೇನೆ ಎಂದುಕೊಂಡಳಂತೆ. ಈ ವೇಷ ಬಿಟ್ಟರೆ ಗೌರವ ಸಿಗುತ್ತದೆ ಎಂದು ನ್ಯಾಶ್‌ವಿಲ್‌ನ ದೊಡ್ಡವರು ಸಲಹೆ ಕೊಟ್ಟರು. ಡಾಲಿ ಬಿಡಲಿಲ್ಲ. ತನ್ನ ವೇಷದ ಬಗ್ಗೆ ಬೇರೆಯವರು ಜೋಕ್ ಮಾಡುವ ಮೊದಲೇ ತಾನೇ ಮಾಡುವುದನ್ನು ಕಲಿತರು.

1967ರಲ್ಲಿ ನಿಜವಾದ ಬಾಗಿಲು ತೆರೆಯಿತು. ಪೋರ್ಟರ್ ವ್ಯಾಗನರ್ ಎಂಬ ಜನಪ್ರಿಯ ಗಾಯಕ ತನ್ನ ಟಿವಿ ಕಾರ್ಯಕ್ರಮಕ್ಕೆ ಕರೆದರು. ಅಲ್ಲಿ ಅದುವರೆಗೆ ಹಾಡುತ್ತಿದ್ದ ನಾರ್ಮಾ ಜೀನ್ ಎಂದರೆ ಪ್ರೇಕ್ಷಕರಿಗೆ ಪ್ರಾಣ. ಡಾಲಿ ವೇದಿಕೆಗೆ ಬಂದರೆ ಜನ ನಾರ್ಮಾ ಜೀನ್ ಹೆಸರು ಕೂಗುತ್ತಿದ್ದರು. ಹೊಸಬರನ್ನು ಹಳಬರಿಗೆ ಹೋಲಿಸಿ ಕುಗ್ಗಿಸುವುದು ಎಲ್ಲ ಆಫೀಸಿನಲ್ಲೂ ನಡೆಯುತ್ತದೆ, ಸಾವಿರಾರು ಜನರ ಮುಂದೆ ನಡೆಯುವುದು ಅಪರೂಪ. ವ್ಯಾಗನರ್ ಆಕೆಯ ಜೊತೆ ಯುಗಳಗೀತೆ ಹಾಡಿ ಜನರನ್ನು ನಿಧಾನಕ್ಕೆ ಒಪ್ಪಿಸಿದರು. 1971ರ ಆರಂಭದಲ್ಲಿ ‘ಜೋಶುವಾ’ ಡಾಲಿಯ ಮೊದಲ ನಂಬರ್ ಒನ್ ಕಂಟ್ರಿ ಹಾಡಾಯಿತು. 1973ರಲ್ಲಿ ‘ಜೋಲೀನ್’ ಬಂತು. ಗಂಡನ ಕಡೆ ಕಣ್ಣು ಹಾಕಿದ ಬ್ಯಾಂಕ್ ಉದ್ಯೋಗಿಯೊಬ್ಬಳ ಪ್ರಸಂಗ ಅದರ ಹಿಂದಿದೆ ಎಂದು ಡಾಲಿ ನಗುತ್ತಾ ಹೇಳುತ್ತಾರೆ. 2024ರಲ್ಲಿ ಬಿಯಾನ್ಸೆ ಅದನ್ನು ತನ್ನ ಧಾಟಿಯಲ್ಲಿ ಹಾಡಿದಾಗ ಹೊಸ ತಲೆಮಾರು ಮತ್ತೆ ಜೋಲೀನ್ ಹಿಂದೆ ಬಿತ್ತು.

ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹತ್ತರಿಂದ ಇಪ್ಪತ್ತೊಂದರವರೆಗೆ ಡಾಲಿ ಯಾರಿಗೂ ‘ಇಲ್ಲ’ ಎಂದವರಲ್ಲ. ಅಂಗಡಿ ಪ್ರಚಾರಕ್ಕೆ ಹಾಡಿದರು, ಇಷ್ಟವಿಲ್ಲದ ಪಾಪ್ ಹಾಡಿದರು, ಹೆಸರಿಲ್ಲದೆ ಕೋರಸ್ ಹಾಡಿದರು, ಬೇರೆಯವರ ಹೆಸರು ಕೂಗುವ ಜನರ ಮುಂದೆ ನಗುತ್ತಾ ನಿಂತರು. ಕೆಲಸ, ಸಮಯ, ತಾಳ್ಮೆ ಎಲ್ಲವನ್ನೂ ಧಾರಾಳವಾಗಿ ಕೊಟ್ಟರು. ಇದರ ನಡುವೆಯೇ ಮಾವನ ಜೊತೆ ಸೇರಿ ‘ಓ-ಪಾರ್’ ಎಂಬ ಸ್ವಂತ ಪಬ್ಲಿಷಿಂಗ್ ಕಂಪನಿಯನ್ನೂ ಮಾಡಿಕೊಂಡಿದ್ದರು. ಓವೆನ್ಸ್ ಮತ್ತು ಪಾರ್ಟನ್ ಎರಡೂ ಮನೆತನದ ಹೆಸರು ಸೇರಿ ಆದ ಹೆಸರದು.

ವಿದಾಯ ಹೇಳಿದ್ದು ಹಾಡಿನಲ್ಲಿ

ವ್ಯಾಗನರ್ ಜೊತೆ ಐದು ವರ್ಷ ಎಂದು ಮಾತಾಗಿತ್ತು. ಏಳು ವರ್ಷವಾಯಿತು. ಡಾಲಿಗೆ ತನ್ನದೇ ದಾರಿ ಬೇಕಿತ್ತು, ಗುರುವಿಗೆ ಬಿಟ್ಟುಕೊಡಲು ಮನಸ್ಸಿಲ್ಲ. ಮಾತಿಗೆ ಮಾತು ಬೆಳೆದು ಪ್ರಯೋಜನವಾಗಲಿಲ್ಲ. ಆಗ ಡಾಲಿ ಮನೆಗೆ ಹೋಗಿ ಒಂದು ಹಾಡು ಬರೆದು, ಮರುದಿನ ಅವರ ಮುಂದೆ ಕೂತು ಹಾಡಿದರು. ವ್ಯಾಗನರ್ ಕಣ್ಣೀರಾದರು. ಈ ಹಾಡಿನ ರೆಕಾರ್ಡಿಂಗನ್ನು ನಾನೇ ಮಾಡಿಸುವುದಾದರೆ ನೀನು ಹೋಗಬಹುದು ಎಂದರು. ಜನ ಪ್ರೇಮಗೀತೆ ಎಂದುಕೊಂಡಿರುವ ‘ಐ ವಿಲ್ ಆಲ್ವೇಸ್ ಲವ್ ಯು’ ಹುಟ್ಟಿದ್ದು ಹೀಗೆ. ಗುರುವಿಗೆ ಶಿಷ್ಯೆ ಬರೆದ ರಾಜೀನಾಮೆ ಪತ್ರ ಅದು! ‘ಜೋಲೀನ್’ ಮತ್ತು ಇದನ್ನು ಒಂದೇ ದಿನ ಬರೆದಿರಬಹುದು ಎಂದೂ ಡಾಲಿ ಹೇಳಿದ್ದಾರೆ.

1974ರಲ್ಲಿ ಅದು ಕಂಟ್ರಿ ಪಟ್ಟಿಯ ತುದಿಗೇರಿತು. ಕಥೆ ಅಲ್ಲಿಗೆ ಸಿಹಿಯಾಗಿ ಮುಗಿಯಲಿಲ್ಲ. 1979ರಲ್ಲಿ ವ್ಯಾಗನರ್ ಒಪ್ಪಂದ ಮುರಿದರೆಂದು ಡಾಲಿ ಮೇಲೆ 30 ಲಕ್ಷ ಡಾಲರಿಗೆ ದಾವೆ ಹೂಡಿದರು. ನ್ಯಾಯಾಲಯದ ಹೊರಗೆ ರಾಜಿಯಾಯಿತು. ವರ್ಷಗಳ ನಂತರ ಮನಸ್ಸುಗಳೂ ರಾಜಿಯಾದವು. 2007ರಲ್ಲಿ ವ್ಯಾಗನರ್ ಸಾವಿನ ಅಂಚಿನಲ್ಲಿದ್ದಾಗ ಹಾಸಿಗೆಯ ಪಕ್ಕದಲ್ಲಿ ಡಾಲಿ ಇದ್ದರು.

ಅರ್ಧದ ಲೆಕ್ಕ

ಈಗ ಎಲ್ವಿಸ್ ಪ್ರಸಂಗಕ್ಕೆ ಬರೋಣ. ಒಂದು ಹಾಡು ಎಂದರೆ ವ್ಯವಹಾರದಲ್ಲಿ ಎರಡು ಆಸ್ತಿ. ಸಾಹಿತ್ಯ ಮತ್ತು ರಾಗ ಒಂದು ಆಸ್ತಿ. ಯಾರೋ ಹಾಡಿದ ಧ್ವನಿಮುದ್ರಣ ಇನ್ನೊಂದು. ಸಾಹಿತ್ಯ, ರಾಗದ ಹಕ್ಕು ನಿಮ್ಮದಾಗಿದ್ದರೆ ಅದನ್ನು ಯಾರೇ ಹಾಡಲಿ, ಯಾವ ಸಿನಿಮಾದಲ್ಲೇ ಬರಲಿ, ರಾಯಧನ ನಿಮ್ಮ ಮನೆಗೆ ಬರುತ್ತದೆ. ಅಲ್ಲಿ ಬರೆದವರ ಪಾಲು, ಪಬ್ಲಿಷರ್ ಪಾಲು ಎಂದು ಮತ್ತೆ ಎರಡು ಭಾಗ. ಪಾರ್ಕರ್ ಕೇಳಿದ್ದು ಈ ಪಬ್ಲಿಷರ್ ಪಾಲಿನಲ್ಲಿ ಅರ್ಧ. ಎಲ್ವಿಸ್ ಹಾಡಿದರೆ ಲಕ್ಷಾಂತರ ತಟ್ಟೆ ಮಾರಾಟವಾಗುತ್ತದೆ, ಅರ್ಧ ಬಿಟ್ಟರೂ ನಿಮಗೇ ಲಾಭ ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪೇನಲ್ಲ. ಅದನ್ನು ಒಪ್ಪಿದ ಗೀತರಚನಕಾರರು ಬೇಕಾದಷ್ಟು ಮಂದಿ ಇದ್ದರು.

ಡಾಲಿಯ ಲೆಕ್ಕ ಬೇರೆ ಇತ್ತು. ಹಾಡಿನ ಹಕ್ಕು ಎಂದರೆ ನನ್ನ ಕುಟುಂಬಕ್ಕೆ ನಾನು ಬಿಟ್ಟುಹೋಗುವ ಆಸ್ತಿ ಎಂಬರ್ಥದಲ್ಲಿ ಅವರು ಮಾತಾಡಿದ್ದಾರೆ. ನನಗೆ ಇಲ್ಲಿ ಅವರ ಅಪ್ಪ ನೆನಪಾಗುತ್ತಾರೆ. ಬೇರೆಯವರ ನೆಲದಲ್ಲಿ ಬೆಳೆದು, ಬೆಳೆದದ್ದರಲ್ಲಿ ಪಾಲು ಅಳೆದುಕೊಟ್ಟ ಮನುಷ್ಯ. ಮಗಳಿಗೆ ನೆಲ ಎಂದರೆ ಹಾಡು. ಅದನ್ನು ಮತ್ತೆ ಕೋರಿಗೆ ಕೊಡಲು ಆಕೆ ಒಪ್ಪಲಿಲ್ಲ.

1982ರಲ್ಲಿ ಸಿನಿಮಾವೊಂದಕ್ಕಾಗಿ ಡಾಲಿ ಅದೇ ಹಾಡನ್ನು ಮತ್ತೆ ಹಾಡಿದಾಗ ಅದು ಕಂಟ್ರಿ ಪಟ್ಟಿಯಲ್ಲಿ ಎರಡನೇ ಸಲ ನಂಬರ್ ಒನ್ ಆಯಿತು. 1992ರಲ್ಲಿ ‘ದಿ ಬಾಡಿಗಾರ್ಡ್’ ಸಿನಿಮಾಕ್ಕೆ ವಿಟ್ನಿ ಹ್ಯೂಸ್ಟನ್ ಹಾಡಿದರು. ಅಮೆರಿಕದ ಬಿಲ್‌ಬೋರ್ಡ್ ಮುಖ್ಯ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ. ಪ್ರಪಂಚದ ಮೂಲೆಮೂಲೆಯಿಂದ ರಾಯಧನ ಹರಿದುಬಂತು. ಅರ್ಧ ಕೊಟ್ಟಿದ್ದರೆ ಎಂದು ನೀವೇ ಲೆಕ್ಕ ಹಾಕಿ.

ಆದರೆ ‘ಇಲ್ಲ’ ಎಂದ ದಿನ ವಿಟ್ನಿಯ ಕನಸೂ ಇರಲಿಲ್ಲ. ನಡುವೆ 15ಕ್ಕೂ ಹೆಚ್ಚು ವರ್ಷ. ಆ ದಿನಕ್ಕೆ ಸಿಕ್ಕಿದ್ದು ಅಳು ಮಾತ್ರ. ಇನ್ನೊಂದನ್ನೂ ಮರೆಯಬಾರದು. ಎಲ್ವಿಸ್‌ಗೆ ಇಲ್ಲ ಎಂದಾಗ ಡಾಲಿ ಹಸಿದಿರಲಿಲ್ಲ. ಕೈಯಲ್ಲಿ ಹಿಟ್ ಹಾಡುಗಳಿದ್ದವು, ಏಳು ವರ್ಷ ಟಿವಿಯಲ್ಲಿ ದುಡಿದ ಹೆಸರಿತ್ತು. ಹೊಟ್ಟೆಗಿಲ್ಲದ 1964ರಲ್ಲಿ ಅದೇ ಷರತ್ತು ಬಂದಿದ್ದರೆ ಏನಾಗುತ್ತಿತ್ತೋ. ‘ಇಲ್ಲ’ ಎನ್ನಲು ಧೈರ್ಯ ಒಂದೇ ಸಾಲದು, ಕಾಲ ಕೆಳಗೆ ಒಂದಿಷ್ಟು ನೆಲವೂ ಬೇಕು. ಆ ನೆಲವನ್ನು ಆಕೆ ಹತ್ತು ವರ್ಷ ‘ಹೂಂ’ ಎನ್ನುತ್ತಾ ಸಂಪಾದಿಸಿದ್ದರು.

ನನ್ನ ಗೆಳತಿಯೊಬ್ಬಳು ಮೊದಲ ಕೆಲಸಕ್ಕೆ ಸೇರುವಾಗ ಎರಡು ವರ್ಷದ ಬಾಂಡ್‌ಗೆ ಸಹಿ ಹಾಕಿ, ಮೂಲ ಅಂಕಪಟ್ಟಿಗಳನ್ನೂ ಕಂಪನಿಗೆ ಒಪ್ಪಿಸಿದಳು. ಒಂದು ವರ್ಷದ ಮೇಲೆ ಒಳ್ಳೆಯ ಅವಕಾಶ ಬಂದರೂ ಕದಲಲು ಆಗಲಿಲ್ಲ. ಅವಳನ್ನು ದಡ್ಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಮನೆಯಲ್ಲಿ ಇಎಂಐ ಕಾಯುತ್ತಿತ್ತು. ಆದರೆ ಸಂಬಳದ ಸಾಲನ್ನು ಮಾತ್ರ ಓದಿ ಉಳಿದ ಪುಟ ತಿರುವಿಹಾಕುವ ನಮ್ಮೆಲ್ಲರಿಗೂ ಡಾಲಿ ಕಥೆಯಿಂದ ಒಂದು ಪ್ರಶ್ನೆ ಸಿಗುತ್ತದೆ. ಈ ಕಾಗದದಲ್ಲಿ ನಾನು ಮಾರುತ್ತಿರುವುದು ನನ್ನ ದುಡಿಮೆಯನ್ನೋ, ನನ್ನ ಹೊಲವನ್ನೋ? ದುಡಿಮೆ ನಾಳೆ ಮತ್ತೆ ಹುಟ್ಟುತ್ತದೆ. ಹೊಲ ಹೋದರೆ ಹೋಯಿತು. ಕೋಡ್ ಬರೆಯುವವರು, ಕಿರುಚಿತ್ರ ಮಾಡುವವರು, ಆಲ್ಬಂ ಹಾಡು ಬರೆಯುವವರು ಇದನ್ನು ಕೇಳಿಕೊಳ್ಳಲೇಬೇಕು. ನಮ್ಮ ದೇಶದಲ್ಲೂ 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಗಿ, ಸಿನಿಮಾ ಹಾಡಿನ ಸಾಹಿತಿ ಮತ್ತು ಸಂಗೀತ ನಿರ್ದೇಶಕರಿಗೆ ಬರಬೇಕಾದ ರಾಯಧನದ ಪಾಲನ್ನು ಸುಮ್ಮನೆ ಬರೆಸಿಕೊಳ್ಳುವಂತಿಲ್ಲ ಎಂದಾಗಿದೆ. ಎಷ್ಟು ಹೊಸ ಬರಹಗಾರರಿಗೆ ಇದು ಗೊತ್ತು?

ಉಗುರಿನ ತಾಳ

ವ್ಯಾಗನರ್ ನೆರಳು ದಾಟಿದ ಡಾಲಿ ಕಂಟ್ರಿಯ ಬೇಲಿಯನ್ನೂ ದಾಟಿದರು. 1977ರ ‘ಹಿಯರ್ ಯು ಕಮ್ ಅಗೇನ್’ ಪಾಪ್ ಕೇಳುಗರನ್ನೂ ಗೆದ್ದಿತು. ಅದು ಆಕೆ ಬರೆದ ಹಾಡಲ್ಲ. ಹಳೆಯ ಅಭಿಮಾನಿಗಳು ನಮ್ಮ ಹುಡುಗಿ ಕೈತಪ್ಪಿ ಹೋದಳು ಎನ್ನಬಾರದೆಂದು, ಇದರಲ್ಲಿ ಕಂಟ್ರಿಯ ಗುರುತಾದ ಸ್ಟೀಲ್ ಗಿಟಾರ್ ಇರಲೇಬೇಕು ಎಂದು ಪಟ್ಟು ಹಿಡಿದು ಸೇರಿಸಿದರು.

1980ರಲ್ಲಿ ‘ನೈನ್ ಟು ಫೈವ್’ ಸಿನಿಮಾ ಬಂತು. ಮೇಲಧಿಕಾರಿಯ ಕಾಟಕ್ಕೆ ರೋಸಿದ ಮೂವರು ಆಫೀಸ್ ಹೆಂಗಸರ ಕಥೆ. ಅದೇ ಹೆಸರಿನ, ಕಚೇರಿಗಳಲ್ಲಿ ದುಡಿಯುವ ಮಹಿಳೆಯರ ಸಂಘಟನೆಯೊಂದು 1973ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿತ್ತು. ಸಿನಿಮಾಕ್ಕೆ ಪ್ರೇರಣೆ ಅದು. ಡಾಲಿ ನಟಿಸಲು ಒಪ್ಪಿ, ಶೀರ್ಷಿಕೆ ಗೀತೆಯನ್ನೂ ಬರೆದರು. ಶೂಟಿಂಗ್ ಸೆಟ್ಟಿನಲ್ಲಿ ತನ್ನ ಉದ್ದ ಉಗುರುಗಳನ್ನು ಒಂದಕ್ಕೊಂದು ಉಜ್ಜಿದರೆ ಟೈಪ್‌ರೈಟರ್ ಸದ್ದು ಬರುತ್ತದೆ ಎಂದು ಕಂಡುಕೊಂಡು, ಅದೇ ತಾಳಕ್ಕೆ ಹಾಡು ಕಟ್ಟಿದರು. ರೆಕಾರ್ಡಿನಲ್ಲೂ ಆ ಉಗುರಿನ ಸದ್ದಿದೆ! 1981ರಲ್ಲಿ ಅದು ಕಂಟ್ರಿ ಪಟ್ಟಿ, ಬಿಲ್‌ಬೋರ್ಡ್ ಮುಖ್ಯ ಪಟ್ಟಿ ಎರಡರಲ್ಲೂ ಮೊದಲನೆಯದಾಯಿತು. ಯಾವ ವೇಷ ತೆಗೆದರೆ ಗೌರವ ಸಿಗುತ್ತದೆ ಎಂದಿದ್ದರೋ, ಆ ವೇಷದ ಉಗುರೇ ವಾದ್ಯವಾಯಿತು.

ಅಪ್ಪ ಓದಲಾಗದ ಪುಸ್ತಕ

ಬಂದ ಹಣ ಎಲ್ಲಿಗೆ ಹೋಯಿತು ಎಂಬುದು ಈ ಕಥೆಯ ಕೊನೆಯ ಭಾಗ. 1986ರಲ್ಲಿ ಹುಟ್ಟೂರಿನ ಕೌಂಟಿಯಲ್ಲೇ ಇದ್ದ ಮನರಂಜನಾ ಉದ್ಯಾನಕ್ಕೆ ಪಾಲುದಾರರಾದರು. ‘ಡಾಲಿವುಡ್’ ಎಂದು ಹೆಸರಾದ ಅದು ಇಂದು ಅಲ್ಲಿನ ಸಾವಿರಾರು ಜನರಿಗೆ ಕೆಲಸ ಕೊಟ್ಟಿದೆ. ಅಲ್ಲಿ ದುಡಿಯುವವರು ಕಾಲೇಜು ಓದಲು ಬಯಸಿದರೆ ಶುಲ್ಕವನ್ನು ಕಂಪನಿಯೇ ಭರಿಸುವ ಯೋಜನೆ 2022ರಲ್ಲಿ ಬಂತು.

ಅದಕ್ಕೂ ಮೊದಲು, ಶಾಲೆ ಬಿಡುವವರ ಸಂಖ್ಯೆ ಆ ಕೌಂಟಿಯಲ್ಲಿ ವಿಪರೀತವಾಗಿದ್ದಾಗ, ಡಾಲಿ ಏಳು ಮತ್ತು ಎಂಟನೇ ತರಗತಿಯ ಮಕ್ಕಳನ್ನು ಸೇರಿಸಿ ಒಂದು ಒಪ್ಪಂದ ಮಾಡಿಕೊಂಡರು. ಇಬ್ಬಿಬ್ಬರು ಜೋಡಿಯಾಗಿ. ಜೋಡಿಯ ಇಬ್ಬರೂ ಹೈಸ್ಕೂಲ್ ಮುಗಿಸಿದರೆ ತಲಾ 500 ಡಾಲರ್. ಒಬ್ಬನು ಬಿಟ್ಟರೆ ಇಬ್ಬರಿಗೂ ಇಲ್ಲ. ಆ ತರಗತಿಗಳಲ್ಲಿ ಶಾಲೆ ಬಿಡುವ ಪ್ರಮಾಣ ಶೇ 35ರಿಂದ ಶೇ 6ಕ್ಕೆ ಇಳಿಯಿತು ಎನ್ನುತ್ತದೆ ಅವರ ಪ್ರತಿಷ್ಠಾನ. 2016ರಲ್ಲಿ ಬೆಟ್ಟಕ್ಕೆ ಕಾಳ್ಗಿಚ್ಚು ಬಿದ್ದು ನೂರಾರು ಮನೆಗಳು ಸುಟ್ಟಾಗ, ಮನೆ ಕಳೆದುಕೊಂಡ ಕುಟುಂಬಗಳಿಗೆ ಆರು ತಿಂಗಳು ತಿಂಗಳಿಗೆ 1,000 ಡಾಲರ್ ನೆರವು ಸಿಗುವಂತೆ ನಿಧಿ ಕಟ್ಟಿದರು.

ಎಲ್ಲಕ್ಕಿಂತ ದೊಡ್ಡದು 1995ರಲ್ಲಿ ಶುರುವಾದ ‘ಇಮ್ಯಾಜಿನೇಷನ್ ಲೈಬ್ರರಿ’. ಹುಟ್ಟಿದಾಗಿನಿಂದ ಐದು ವರ್ಷದವರೆಗೆ ಮಗುವಿನ ಹೆಸರಿಗೆ ತಿಂಗಳಿಗೊಂದು ಪುಸ್ತಕ ಅಂಚೆಯಲ್ಲಿ, ಉಚಿತವಾಗಿ. ಮೊದಲಿಗೆ ಸೆವಿಯರ್ ಕೌಂಟಿಯ ಮಕ್ಕಳಿಗೆ ಮಾತ್ರ. ಈಗ ಅಮೆರಿಕದ ಜೊತೆಗೆ ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಐರ್ಲೆಂಡ್‌ಗಳಲ್ಲೂ ಇದೆ. ಹಂಚಿದ ಪುಸ್ತಕಗಳು 20 ಕೋಟಿ ದಾಟಿವೆ. ಓದಲು ಬಾರದ ಅಪ್ಪನ ಗೌರವಾರ್ಥ ಇದನ್ನು ಮಾಡಿದೆ ಎನ್ನುತ್ತಾರೆ ಡಾಲಿ. ಹಾಡಿಗಿಂತ ಹೆಚ್ಚಾಗಿ, ಮಕ್ಕಳು ಮಗಳನ್ನು ‘ಪುಸ್ತಕದಮ್ಮ’ ಎಂದು ಕರೆಯುವುದು ಅಪ್ಪನಿಗೆ ಹೆಮ್ಮೆಯಾಗಿತ್ತಂತೆ.

ಸೆವಿಯರ್ ಕೌಂಟಿಯ ನ್ಯಾಯಾಲಯದ ಮುಂದೆ ಡಾಲಿಯ ಕಂಚಿನ ಪ್ರತಿಮೆ ಇದೆ. ಬರಿಗಾಲು, ಕೈಯಲ್ಲಿ ಗಿಟಾರ್. ಪ್ರತಿಮೆ ಎಂದಮೇಲೆ ಪಾರಿವಾಳಗಳು ಬಿಡುತ್ತವೆಯೇ? ಅಪ್ಪ ಬದುಕಿದ್ದಾಗ ಟ್ರಕ್ಕಿನಲ್ಲಿ ಸೋಪುನೀರಿನ ಬಕೆಟ್ಟು, ಪೊರಕೆ ಇಟ್ಟುಕೊಂಡು ರಾತ್ರಿ ಹೊತ್ತು ಅಲ್ಲಿಗೆ ಹೋಗಿ, ಮಗಳ ಮೇಲೆ ಬಿದ್ದ ಹಿಕ್ಕೆಯನ್ನು ತಿಕ್ಕಿ ತೊಳೆದು ಬರುತ್ತಿದ್ದರಂತೆ. ಪ್ರತಿಮೆಯ ಕೆಳಗೆ ಕೆತ್ತಿದ ಅಕ್ಷರಗಳು ಅವರಿಗೆ ಓದಲು ಬರುತ್ತಿರಲಿಲ್ಲ. ಅಲ್ಲಿ ನಿಂತಿರುವುದು ಯಾರು ಎಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.